ಮಧ್ಯಾಹ್ನ ನಿಲ್ಲುತ್ತಿದ್ದ ಬ್ಲೋವರ್

ಬ್ಲೋವರ್ ಮೊದಲ ಸಲ ನಿಂತದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಆ ಹೊತ್ತಿಗೆ ನಾನು ಮುಂದಿನ ಕೋಣೆಯಲ್ಲಿ ಯಾರದೋ ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತಿದ್ದಿರಬೇಕು. ಸಂಜೆ ಚಹಾ ಕುಡಿಸಲು ಒಳಗೆ ಹೋದಾಗ ನನ್ನ ಹೆಂಡತಿ ಹೇಳಿದಳು.

"ರೀ, ಮಧ್ಯಾಹ್ನ ಏಸಿ ನಿಂತಿತ್ತು."

ನಾನು ಗೋಡೆಯ ಕಡೆ ನೋಡಿದೆ. ತಂಪು ಗಾಳಿ ಬರುತ್ತಿತ್ತು. "ಓಡ್ತಾ ಐತಲ್ಲ?"

"ಈಗ ಓಡ್ತೈತೆ. ಆಗ ನಿಂತಿತ್ತು. ಲೈಟು ಇತ್ತು, ಗಾಳಿ ಇರಲಿಲ್ಲ."

ಕರೆಂಟು ಹೋಗಿ ಬಂದಿರಬೇಕು ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವಳು ಆಡಿಸಬಲ್ಲದ್ದು ತಲೆ, ಭುಜ ಮತ್ತು ಮೊಣಕೈ ಇಷ್ಟನ್ನೇ. ಮಣಿಕಟ್ಟು ಸ್ವಲ್ಪ ಏಳುತ್ತದೆ. ಬೆರಳುಗಳು ಮಡಚಿಕೊಂಡೇ ಇರುತ್ತವೆ. ರಿಮೋಟನ್ನೂ ಫೋನನ್ನೂ ಬೆರಳಿನ ಗೆಣ್ಣಿನಿಂದ ಒತ್ತುತ್ತಾಳೆ.

ಅವಳು ಹಳ್ಳಿ ಆರೋಗ್ಯ ಕೇಂದ್ರದ ನರ್ಸಾಗಿದ್ದಳು. ಚನ್ನಗಿರಿಯ ನಮ್ಮ ಮನೆಯಿಂದ ದಿನಾ ಸ್ಕೂಟಿಯಲ್ಲಿ ಹೋಗಿ ಬರುತ್ತಿದ್ದಳು. ಕೆರೆಬಿಳಚಿ ಸುತ್ತಮುತ್ತಲ ಕೇರಿಗಳಲ್ಲಿ ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮಗುವಿಗೆ ಚುಚ್ಚುಮದ್ದು ಬಾಕಿ ಇದೆ ಎಂಬುದು ಅವಳಿಗೆ ಬಾಯಿಪಾಠ. ಸುಗ್ಗಿಯ ಕಾಲದಲ್ಲಿ ನಮ್ಮ ಕಡೆ ರೈತರು ಮೆಕ್ಕೆಜೋಳವನ್ನು ಟಾರು ರಸ್ತೆಯ ಮೇಲೆಯೇ ಹರವಿ ಒಣಗಿಸುತ್ತಾರೆ, ಅಂಚಿಗೆ ಕಲ್ಲಿಟ್ಟು. ಎದುರಿಗೆ ಟ್ರ್ಯಾಕ್ಟರ್ ಬಂತೆಂದು ಪಕ್ಕಕ್ಕೆ ಸರಿದಾಗ ಅವಳ ಸ್ಕೂಟಿ ಆ ಕಾಳಿನ ಮೇಲೆ ಜಾರಿತು. ಮೈಮೇಲೆ ತರಚಿದ ಗಾಯ ಕೂಡ ಹೆಚ್ಚಿರಲಿಲ್ಲ. ಕತ್ತು ಮಾತ್ರ ಕಲ್ಲಿಗೆ ಬಡಿದಿತ್ತು. ಕಾಳು ಹರವಿದ್ದ ಮನೆಯವರೇ ಅವಳನ್ನು ಎತ್ತಿ ಕಾರಿನಲ್ಲಿ ಹಾಕಿಕೊಂಡು ದಾವಣಗೆರೆಗೆ ಓಡಿದರು. ಆ ಮನೆಯ ಮೊಮ್ಮಗನ ಹೆರಿಗೆಗೆ ಆಂಬುಲೆನ್ಸ್ ತರಿಸಿದ್ದವಳು ಇವಳೇ. ಆ ಮನೆಯ ಅಜ್ಜಿ ಈಗಲೂ ಒಮ್ಮೊಮ್ಮೆ ಬಂದು ಹಾಸಿಗೆಯ ಪಕ್ಕ ಕೂತು ಅಳುತ್ತಾಳೆ. ನನ್ನ ಹೆಂಡತಿಯೇ ಅವಳನ್ನು ಸಮಾಧಾನ ಮಾಡಿ ಕಳಿಸುತ್ತಾಳೆ.

ಕತ್ತಿನ ಮೂಳೆಯೊಳಗಿನ ನರ ಜಖಂ ಆದವರಿಗೆ ಕೈಕಾಲು ಹೋಗುತ್ತದೆ ಎನ್ನುವುದು ಎಲ್ಲರಿಗೂ ಕಾಣುವ ಸಂಗತಿ. ಕಾಣದೆ ಇರುವುದು ಇನ್ನೊಂದಿದೆ. ಅವಳಿಗೆ ಕತ್ತಿನಿಂದ ಕೆಳಗೆ ಬೆವರು ಬರುವುದಿಲ್ಲ. ಚಳಿಯಾದರೆ ಮೈ ನಡುಗುವುದೂ ಇಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಕೋಣೆ ಎಷ್ಟು ಬಿಸಿಯೋ ಇವರ ಮೈ ಅಷ್ಟು ಬಿಸಿ, ತಿಳೀತಾ? ನಮಗೆ ಸೆಕೆ ಅನ್ನಿಸೋದು ಇವರಿಗೆ ಜ್ವರ ಆಗುತ್ತೆ. ನಿಮ್ಮೂರ ಬೇಸಿಗೆಗೆ ಹುಷಾರು" ಎಂದಿದ್ದರು. ಹಾಗಾಗಿ ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬಿಸಿ, ಎರಡೂ ಕೊಡುವ ಏಸಿ ತಂದೆವು. ನಮ್ಮ ಬೀದಿಯಲ್ಲಿ ಅಂಥದ್ದು ಅದೊಂದೇ. ಜೋಡಿಸಲು ಬಂದವನು ಅದನ್ನು ಹೀಟ್ ಪಂಪ್ ಎಂದು ಕರೆದ. ಹೊರಗಿನ ಶಾಖವನ್ನು ಒಳಗೆ, ಒಳಗಿನದನ್ನು ಹೊರಗೆ ಹೊತ್ತು ಹಾಕುವ ಪಂಪು ಅಂತ ಅರ್ಥ ಹೇಳಿದ. ಒಳಗಿನ ಪೆಟ್ಟಿಗೆಯಲ್ಲಿ ಉದ್ದನೆಯ ಉರುಳೆಯ ಹಾಗೆ ಒಂದು ಫ್ಯಾನು ಇರುತ್ತದೆ, ಅದೇ ಬ್ಲೋವರ್. ತಂಪೋ ಬಿಸಿಯೋ, ಅದನ್ನು ಕೋಣೆಗೆ ತಲುಪಿಸುವುದು ಅದರ ಕೆಲಸ.

ಅಪಘಾತವಾದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಇದ್ದ ನನ್ನ ಟೈಲರಿಂಗ್ ಅಂಗಡಿಯ ಷಟರ್ ಎಳೆದು, ಒಂದು ಮೆಷಿನನ್ನು ಮನೆಯ ಮುಂದಿನ ಕೋಣೆಗೆ ತಂದಿಟ್ಟುಕೊಂಡಿದ್ದೆ. ಒಳಗೆ ಅವಳು, ಹೊರಗೆ ನಾನು. ನಡುವೆ ಒಂದು ಪರದೆ. ಏಸಿಯ ತಂಪು ಹೊರಗೆ ಹೋಗಬಾರದೆಂದು ಬಾಗಿಲನ್ನೂ ಮುಂದೆ ಮಾಡಿರುತ್ತಿದ್ದೆ.

ಬ್ಲೋವರ್ ಮತ್ತೆ ನಿಂತಿತು. ಒಂದೆರಡು ದಿನ ಸರಿಯಿದ್ದು ಮತ್ತೆ ನಿಂತಿತು. ಪ್ರತಿ ಸಲವೂ ನಾನು ಒಳಗೆ ಬರುವಷ್ಟರಲ್ಲಿ ಅದು ತಾನಾಗಿಯೇ ಶುರುವಾಗಿರುತ್ತಿತ್ತು. ಒಂದು ದಿನ ಮಾತ್ರ ಊಟಕ್ಕೆ ಅನ್ನ ಕಲಸಿಕೊಂಡು ಹೋದಾಗ ಕಣ್ಣಾರೆ ನೋಡಿದೆ. ಹಸಿರು ದೀಪ ಉರಿಯುತ್ತಿತ್ತು, ಗಾಳಿ ಬರುವ ರೆಕ್ಕೆ ತೆರೆದೇ ಇತ್ತು, ಗೋಡೆಯ ಆಚೆ ಔಟ್‌ಡೋರ್ ಡಬ್ಬಿ ಗುಂಯ್ ಎನ್ನುತ್ತಿತ್ತು. ಗಾಳಿ ಇಲ್ಲ. ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದರೆ ಒಳಗಿನ ಪಟ್ಟಿಗಳ ಮೇಲೆ ಬೆಳ್ಳನೆಯ ಮಂಜು ಕಟ್ಟಿತ್ತು. ತಂಪೆಲ್ಲ ಅಲ್ಲೇ ಕೂತು ಹೆಪ್ಪುಗಟ್ಟುತ್ತಿತ್ತು. ಎರಡು ಮಾರು ಆಚೆ ಮಲಗಿದ್ದವಳ ಕೆನ್ನೆ ಕೆಂಪಾಗುತ್ತಿತ್ತು.

ದಾವಣಗೆರೆಯಿಂದ ಮೊದಲ ಮೆಕ್ಯಾನಿಕ್ ಬಂದ. ಬೆಳಿಗ್ಗೆಯೇ ಬಂದ. ಸ್ವಿಚ್ ಹಾಕಿದ, ಬ್ಲೋವರ್ ಚೆಂದವಾಗಿ ಓಡಿತು. ಮಂಜು ಕಟ್ಟುತ್ತದೆ ಎಂದೆನಲ್ಲ, ಹಾಗಾದರೆ ಗ್ಯಾಸು ಕಮ್ಮಿ ಎಂದ. ಗ್ಯಾಸು ತುಂಬಿದ. ಗಾಳಿ ನಿಲ್ಲುವುದರಿಂದ ಮಂಜು ಕಟ್ಟುತ್ತಿದೆಯೇ ಹೊರತು ಗ್ಯಾಸಿಗಲ್ಲ ಎಂದು ನನ್ನ ಹೆಂಡತಿ ಹಾಸಿಗೆಯಿಂದ ಹೇಳಿದಳು. ಅವನು ನನ್ನ ಮುಖ ನೋಡಿ ನಕ್ಕ. ಕಾಯಿಲೆಯವರು ಹೀಗೆ ಏನೇನೋ ಹೇಳುತ್ತಾರೆ ಎನ್ನುವ ನಗು. ಅವನು ಹೋದ ಮರುದಿನ ಮಧ್ಯಾಹ್ನ ಮತ್ತೆ ನಿಂತಿತು.

ಎರಡನೆಯವರು ನಮ್ಮೂರಿನವರೇ, ಫ್ರಿಜ್ಜು, ಮಿಕ್ಸಿ ಎಲ್ಲ ರಿಪೇರಿ ಮಾಡುವವರು. ಒಳ್ಳೆಯ ಮನುಷ್ಯ. ಕೆಪಾಸಿಟರ್ ಬದಲಿಸಿದರು. "ಮೋಟ್ರಿಗೆ ಒದೆ ಕೊಟ್ಟು ಎಬ್ಬಿಸೋದೇ ಇದು. ಇದು ವೀಕಾದ್ರೆ ಒಮ್ಮೆ ಎದ್ದೇಳ್ತೈತೆ, ಒಮ್ಮೆ ಇಲ್ಲ" ಎಂದರು. ಕೇಳಲು ಸರಿಯಾಗಿಯೇ ಇತ್ತು. ಅವರೂ ಕೂತು ಒಂದು ಚಹಾ ಕುಡಿಯುವಷ್ಟು ಹೊತ್ತು ನೋಡಿದರು. ಓಡಿತು. ಅದಾದ ಮೇಲೂ ನಿಂತಾಗ ತಪ್ಪನ್ನು ವೋಲ್ಟೇಜಿನ ಮೇಲೆ ಹಾಕಿದರು. ತೋಟದ ಪಂಪುಗಳು ಶುರುವಾಗುವ ಹೊತ್ತಿಗೆ ಕರೆಂಟು ಇಳಿಯುತ್ತದೆ ಎಂದರು. ಸ್ಟೆಬಿಲೈಜರ್ ತಂದು ಗೋಡೆಗೆ ಹಾಕಿದೆ. ಅದರ ಮುಳ್ಳು ಅಲುಗಾಡದೆ ನಿಂತಿತ್ತು. ಬ್ಲೋವರ್ ಕೂಡ ನಿಂತಿತ್ತು.

ಹೊಸದನ್ನೇ ತರೋಣವೆಂದು ದಾವಣಗೆರೆಗೆ ಹೋಗಿ ಕೇಳಿದೆ. ಬೇಸಿಗೆಯ ನಡುವೆ ತಂಪಿನದು ಮಾತ್ರ ಇದೆ, ಬಿಸಿಯೂ ಕೊಡುವಂಥದ್ದು ಆರ್ಡರ್ ಹಾಕಿದರೆ ಬರುವ ಹೊತ್ತಿಗೆ ಮಳೆಗಾಲ ಎಂದರು. ಮನೆಗೆ ಬಂದು ಹೇಳಿದಾಗ ಅವಳು, "ಇರೋದಕ್ಕೆ ಏನಾಗೈತೆ ಅಂತ ಮೊದ್ಲು ತಿಳೀಲಿ" ಎಂದಳು. ಅವಳ ದನಿ ಮೊದಲಿನಿಂದಲೂ ಗಟ್ಟಿಯದು, ಕೇರಿಯ ಆ ತುದಿಗೆ ಕೇಳುವಂಥದ್ದು. ಪೆಟ್ಟಾದ ಮೇಲೆ ಉಸಿರು ಸಾಲದೆ ಅದು ಪಿಸುಮಾತಿಗಿಂತ ಸ್ವಲ್ಪ ಮೇಲಿದೆ, ಅಷ್ಟೆ.

ಅಷ್ಟರಲ್ಲಿ ಹೊನ್ನಾಳಿಯಲ್ಲಿ ನನ್ನ ಸೋದರಮಾವ ತೀರಿಕೊಂಡರು. ನನ್ನನ್ನು ಓದಿಸಿದವರು ಅವರೇ. ಮಣ್ಣಿಗೆ ಹೋಗಲು ಆಗಿರಲಿಲ್ಲ, ಕೊನೆಯ ಕಾರ್ಯವಾದ ಶಿವಗಣಾರಾಧನೆಗಾದರೂ ಹೋಗಲೇಬೇಕಿತ್ತು. ಮಣ್ಣಿಗೆ ಹೋಗಿ ಬಂದಿದ್ದ ನನ್ನ ಅಕ್ಕ ಜಗಳೂರಿನಿಂದ ಬಂದಳು. ಅಕ್ಕನದು ಒಣ ಬಯಲಿನ ಸೀಮೆ, ಅವಳು ನೋಡಿದಷ್ಟು ಬಿಸಿಲನ್ನು ನಾವು ನೋಡಿಲ್ಲ. ಏಸಿ ನಿಂತರೆ ರಿಮೋಟಿನಲ್ಲಿ ಆರಿಸಿ ಮತ್ತೆ ಹಾಕಬೇಕು, ಕಿಟಕಿ ತೆರೆಯಬಾರದು, ಮೈ ಮುಟ್ಟಿ ನೋಡುತ್ತಿರಬೇಕು ಎಂದು ಅವಳಿಗೆ ಹೇಳಿಕೊಟ್ಟೆ.

"ಹೋಗಿ ಬಾರೋ ತಮ್ಮಾ, ನಾನೇನು ಸಣ್ಣೋಳಾ?" ಎಂದಳು ಅಕ್ಕ.

ಹೊನ್ನಾಳಿಯಲ್ಲಿ ಪಂಕ್ತಿಗೆ ಕೂತಿದ್ದೆ. ಪಕ್ಕದಲ್ಲಿದ್ದ ದೂರದ ನೆಂಟರು ನನ್ನ ಹೆಂಡತಿಯ ಯೋಗಕ್ಷೇಮ ಕೇಳಿದರು. ಏಸಿಯ ಕಷ್ಟ ಹೇಳಿಕೊಂಡೆ. ನ್ಯಾಮತಿಯಲ್ಲಿ ಒಬ್ಬ ಇದ್ದಾನೆ, ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಬಂದವನು, ಸವಳಂಗದ ತನಕ ಎಲ್ಲರೂ ಅವನನ್ನೇ ಕರೆಸುತ್ತಾರೆ ಎಂದು ಅವರು ಹೇಳುತ್ತಿದ್ದಾಗಲೇ ಜೇಬಿನಲ್ಲಿ ಫೋನು ಅದುರಿತು. ಅಕ್ಕ.

"ತಮ್ಮಾ, ಇವ್ಳು ಕಣ್ಣು ಬಿಡವಲ್ಲಳು. ಮೈ ಕೆಂಡ ಆಗೈತೆ. ಏನು ಮಾಡ್ಲಿ ಹೇಳು."

ಎಲೆಯ ಮುಂದಿನಿಂದ ಎದ್ದುಬಿಟ್ಟೆ. ಏನು ಹೇಳಿದೆನೋ ನೆನಪಿಲ್ಲ. ಆಂಬುಲೆನ್ಸಿಗೆ ಫೋನು ಮಾಡು ಎಂದಿರಬೇಕು, ನೀರು ಹಾಕು ಎಂದಿರಬೇಕು. ಮಾವನ ಮಗ ತನ್ನ ಕಾರು ತೆಗೆದ. ದಾರಿಯುದ್ದಕ್ಕೂ ನಾನು ಅಕ್ಕನಿಗೆ ಫೋನು ಮಾಡುತ್ತಿದ್ದೆ, ಅವಳು ಎತ್ತುತ್ತಿರಲಿಲ್ಲ. ಎತ್ತದಿದ್ದರೆ ಏನರ್ಥ ಎಂದು ಯೋಚಿಸಬಾರದೆಂದು ಮತ್ತೆ ಮತ್ತೆ ಒತ್ತುತ್ತಿದ್ದೆ. ಮಾವನ ಮಗ ತನ್ನ ಅಪ್ಪನ ಕಾರ್ಯ ಬಿಟ್ಟು ಬಂದಿದ್ದ. ಅವನ ಕತ್ತಿನ ಮೇಲೆ ಬೆವರು ಸಾಲಾಗಿ ಇಳಿಯುತ್ತಿತ್ತು. ಆ ಬೆವರನ್ನು ನೋಡುತ್ತ ಕೂತಿದ್ದೆ.

ನಡೆದದ್ದು ಇಷ್ಟು. ಅಕ್ಕ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬ್ಲೋವರ್ ನಿಂತಿತು, ಅವತ್ತು ಬೇಗ ಶುರುವಾಗಲಿಲ್ಲ. ರಿಮೋಟು ಗೆಣ್ಣಿಗೆ ತಾಗಿ ಜಾರಿ ಕೆಳಗೆ ಬಿತ್ತು. ಫೋನು ಚಾರ್ಜಿಗೆಂದು ಕಿಟಕಿಯ ಹತ್ತಿರ ಇತ್ತು. ನನ್ನ ಹೆಂಡತಿ ಕೂಗಿದಳು. ಅವಳ ಕೂಗು ರೊಟ್ಟಿ ಬಡಿಯುವ ಸದ್ದನ್ನು ದಾಟಿ ಹೋಗಲಿಲ್ಲ. ಅಕ್ಕ ತಟ್ಟೆ ಹಿಡಿದು ಒಳಗೆ ಬಂದಾಗ ಕೋಣೆ ಬೆಂಕಿಯಾಗಿತ್ತು. ಇವಳ ಮುಖ ಕೆಂಪಾಗಿ, ಒಣಗಿ, ಮಾತು ತೊದಲುತ್ತಿತ್ತು, ಕಣ್ಣು ಮುಚ್ಚಿಹೋಗುತ್ತಿತ್ತು.

ಅಕ್ಕ ಅಲ್ಲೇ ತಟ್ಟೆ ಇಟ್ಟು, ನನಗೆ ಫೋನು ಮಾಡಿ, ಬಚ್ಚಲಿಗೆ ಓಡಿ, ತಾನು ತಂದಿದ್ದ ನೂಲಿನ ಸೀರೆಗಳನ್ನು ಕೊಡದಲ್ಲಿ ಅದ್ದಿ ತಂದು ಅವಳ ಮೈಮೇಲೆ ಹಾಸಿದಳು. ಪಕ್ಕದ ಮನೆಯವರನ್ನು ಕೂಗಿ ಕರೆದಳು. ಟೇಬಲ್ ಫ್ಯಾನನ್ನು ಒದ್ದೆ ಸೀರೆಯ ಮೇಲೆ ತಿರುಗಿಸಿದರು. ಸೀರೆ ಬಿಸಿಯಾದ ಹಾಗೆ ತೆಗೆದು ಇನ್ನೊಂದು ಹಾಕಿದರು. ಅದಕ್ಕೇ ಅಕ್ಕ ಫೋನು ಎತ್ತಿರಲಿಲ್ಲ. ಅವಳ ಕೈಗೆ ಬಿಡುವಿರಲಿಲ್ಲ. ಪಕ್ಕದ ಮನೆಯವರು ಕರೆಸಿದ ಆಂಬುಲೆನ್ಸು ಇವಳನ್ನು ಆಸ್ಪತ್ರೆಗೆ ಒಯ್ದಿತು. ನಾನು ಅಲ್ಲಿಗೆ ಹೋಗಿ ಸೇರಿದಾಗ ನನ್ನ ಹೆಂಡತಿಗೆ ಪ್ರಜ್ಞೆ ಬಂದಿತ್ತು. ಡ್ರಿಪ್ ಹಾಕಿದ್ದರು. ಅಕ್ಕ ವರಾಂಡದಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಸೆರಗಿನ ಅಂಚಿಗೆ ಇನ್ನೂ ಜೋಳದ ಹಿಟ್ಟು ಅಂಟಿತ್ತು. ನನ್ನನ್ನು ನೋಡಿ ಏಳಲಿಲ್ಲ.

"ಅವ್ಳು ಕೂಗಿದ್ಳಂತೆ ಕಣೋ. ನಂಗೆ ಕೇಳ್ಲೇ ಇಲ್ಲ" ಎಂದಳು. ಅದನ್ನೇ ಮತ್ತೆ ಹೇಳಿದಳು. ನಾನು ಅವಳ ಪಕ್ಕ ಕೂತುಕೊಂಡೆ.

ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

ಆಸ್ಪತ್ರೆಯ ಹಾಸಿಗೆಯ ಮೇಲೆ ಒಂದು ಬೆಳಿಗ್ಗೆ ನನ್ನ ಹೆಂಡತಿ ನನ್ನನ್ನು ಹತ್ತಿರ ಕರೆದಳು. ಆ ಮಲಗಿದ್ದಲ್ಲೂ ಅವಳು ಯೋಚನೆ ಮಾಡುತ್ತಿದ್ದದ್ದು ಬ್ಲೋವರಿನ ಬಗ್ಗೆಯೇ.

"ನಾವು ಮಲೇರಿಯಾಕ್ಕೆ ರಕ್ತ ತೆಗೀತಿದ್ವಲ್ಲ, ಯಾವಾಗ ತೆಗೀಬೇಕು ಗೊತ್ತೇನ್ರಿ? ಜ್ವರ ಬಂದಾಗ. ಜ್ವರ ಬಿಟ್ಟಾಗ ಹೋಗಿ ನೋಡಿದ್ರೆ ಕೆಲವ್ರಿಗೆ ಏನೂ ಸಿಗಲ್ಲ, ಆರಾಮಾಗಿ ಓಡಾಡ್ತಿರ್ತಾರೆ. ಇದೂ ಹಂಗೇ. ಎಲ್ಲಾ ಮೆಕ್ಯಾನಿಕ್ಕೂ ಜ್ವರ ಬಿಟ್ಟಾಗ ಬಂದಿದಾರೆ."

"ಅದು ಯಾವಾಗ ನಿಲ್ತೈತೆ ಅಂತ ಯಾರಿಗೆ ಗೊತ್ತು?"

"ನಂಗೊತ್ತು. ಬೆಳಿಗ್ಗೆ ಒಂದು ಸಲಾನೂ ನಿಂತಿಲ್ಲ. ನಡುವೆ ಕರೆಂಟು ಹೋಗಿ ಅದಕ್ಕೆ ಬಿಡುವು ಸಿಕ್ರೆ ಅವತ್ತು ನಿಲ್ಲೋದು ತಡ. ಬೆಳಗಿಂದ ಬಿಡುವಿಲ್ದೆ ಓಡಿದ್ರೆ ಮಧ್ಯಾಹ್ನ ನಿಲ್ತೈತೆ. ನಿಲ್ಲೋಕ್ ಮುಂಚೆ ಸದ್ದು ದಪ್ಪ ಆಗ್ತೈತೆ, ಎತ್ತು ಏರು ಹತ್ತಿದಂಗೆ. ಒಂದಿಷ್ಟು ಹೊತ್ತು ಸುಮ್ನಿದ್ದು ಮತ್ತೆ ಶುರು. ದಣೀತೈತೆ ಅದು. ಯಾಕೆ ದಣೀತೈತೆ ಅಂತ ನೋಡಾಕೆ ಯಾರಾದ್ರೂ ಕೂತ್ಕೋಬೇಕು. ಬೆಳಗಿಂದ ಸಂಜೆ ತನಕ."

ಅಷ್ಟು ಮಾತಾಡಿ ಅವಳಿಗೆ ಉಸಿರು ಸಾಲದಾಯಿತು. ನಾನು ನೀರು ಕುಡಿಸಿದೆ.

ಮನೆಗೆ ಕರೆತಂದ ಮೇಲೆ ನ್ಯಾಮತಿಗೆ ಹೋದೆ. ಆ ಮೆಕ್ಯಾನಿಕ್ ಒಂದು ಕಲ್ಯಾಣ ಮಂಟಪದ ಮಾಳಿಗೆಯ ಮೇಲೆ ಕೆಲಸದಲ್ಲಿದ್ದ. ಮೂವತ್ತೈದರ ಆಸುಪಾಸಿನ, ಮಾತು ಕಮ್ಮಿ ಇರುವ ಮನುಷ್ಯ. ನಾನು ಎಲ್ಲ ಹೇಳಿದೆ. ಅವನು ಒಪ್ಪಲಿಲ್ಲ.

"ಬೇಸಿಗೇಲಿ ಇಡೀ ದಿನ ಒಂದೇ ಮನೇಲಿ ಕುಂತ್ರೆ ಹೆಂಗಣ್ಣಾ? ನಲವತ್ತು ಜನ ಕಾಯ್ತಾ ಅವ್ರೆ. ಬಂದು ನೋಡ್ತೀನಿ, ಮೋಟ್ರು ತೆಗೆದು ಹೊಸದು ಹಾಕಿ ಹೋಗ್ತೀನಿ."

"ಮೋಟ್ರೇ ಹೋಗೈತೆ ಅಂತ ನಿಮಗೆ ಹೆಂಗೆ ಗೊತ್ತು?" ಎಂದೆ. ನಾನು ಹಾಗೆ ಜೋರಾಗಿ ಮಾತಾಡುವವನಲ್ಲ. "ಗ್ಯಾಸು ಅಂದ್ರು, ಹಾಕ್ಸಿದೆ. ಕೆಪಾಸಿಟರ್ ಅಂದ್ರು, ಹಾಕ್ಸಿದೆ. ಈಗ ಮೋಟ್ರು. ಅದೂ ಅಲ್ಲ ಅಂದ್ರೆ? ನನ್ನ ಹೆಂಡ್ತಿ ಆಸ್ಪತ್ರೆಗೆ ಹೋಗಿ ಬಂದಿದಾಳೆ ಮಾರಾಯ್ರೆ."

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತಿರುಗಿಸುತ್ತ ನಿಂತ. ಆಮೇಲೆ, "ಶುಕ್ರವಾರ ಬರ್ತೀನಿ" ಎಂದ.

ಶುಕ್ರವಾರ ಬೆಳಿಗ್ಗೆ ಬಂದ. ಚೀಲ ಮೂಲೆಗಿಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ನನ್ನ ಹೆಂಡತಿಯನ್ನು ಪಕ್ಕದ ಮನೆಗೆ ಸಾಗಿಸೋಣವೇ ಎಂದು ಕೇಳಿದೆವು. ಪಕ್ಕದ ಮನೆಯ ಸೂರೂ ನಮ್ಮದರಂತೆ ಸಿಮೆಂಟ್ ಶೀಟಿನದೇ, ಏಸಿ ಇಲ್ಲದ ಅಲ್ಲಿ ಇನ್ನೂ ಸೆಕೆ. "ನಾನು ಇಲ್ಲೇ ಇರ್ತೀನಿ. ಸದ್ದು ಬದಲಾದಾಗ ಹೇಳೋರು ಯಾರು?" ಎಂದಳು. ಅಕ್ಕ ಬಕೆಟ್ಟಿನಲ್ಲಿ ನೀರು, ಅದರೊಳಗೆ ಸೀರೆ ಅದ್ದಿ ಇಟ್ಟುಕೊಂಡು ಬಾಗಿಲ ಹತ್ತಿರ ಕೂತಳು. ರೊಟ್ಟಿ ಬಡಿಯುವುದನ್ನು ಅವಳು ಆಸ್ಪತ್ರೆಯಿಂದ ಬಂದ ಮೇಲೆ ಬಿಟ್ಟೇಬಿಟ್ಟಿದ್ದಳು. ಬರೀ ಅನ್ನ ಸಾರು.

ಬ್ಲೋವರ್ ಓಡುತ್ತಲೇ ಇತ್ತು. ಹತ್ತಾಯಿತು, ಹನ್ನೊಂದಾಯಿತು. ಮೆಕ್ಯಾನಿಕ್‌ಗೆ ಫೋನುಗಳು ಬರುತ್ತಲೇ ಇದ್ದವು. ಹೊರಗೆ ಹೋಗಿ ಯಾರಿಗೋ ಬೈಸಿಕೊಂಡು ಬರುತ್ತಿದ್ದ. ಒಳಗೆ ಬಂದು ಕೂತಾಗ ನನ್ನ ಹೆಂಡತಿ ಅವನನ್ನು ಮಾತಿಗೆಳೆದಳು.

"ಮಕ್ಕಳು ಎಷ್ಟು?"

"ಒಬ್ಬಳೇ ಮಗಳು ಅಕ್ಕಾ. ಐದು ವರ್ಷ."

"ಐದು ವರ್ಷದ ಇಂಜೆಕ್ಷನ್ ಹಾಕ್ಸಿದ್ರಾ?"

ಅವನು ತಬ್ಬಿಬ್ಬಾದ. ಹಾಗೊಂದು ಇದೆ ಎಂದೇ ಗೊತ್ತಿಲ್ಲವೆಂದ. ಹಾಸಿಗೆಯಿಂದ ಪಾಠ ಶುರುವಾಯಿತು: ಯಾವ ದಿನ ಹೋಗಬೇಕು, ಜ್ವರ ಬಂದರೆ ಏನು ಕೊಡಬೇಕು, ತೋಳು ಊದಿಕೊಂಡರೆ ಹೆದರಬಾರದು. ಅವಳು ಹಾಗೆ ಮಾತಾಡುವುದನ್ನು ನಾನು ಕೇಳಿ ಬಹಳ ಕಾಲವಾಗಿತ್ತು. ಅವನು ಅಲ್ಲೇ ಹೆಂಡತಿಗೆ ಫೋನು ಮಾಡಿ ಹೇಳಿದ.

ಊಟದ ಹೊತ್ತಾಯಿತು. ಬ್ಲೋವರ್ ನಿಲ್ಲಲಿಲ್ಲ. ಇವತ್ತು ನಿಲ್ಲುವುದಿಲ್ಲವೇನೋ ಎಂಬ ಭಯ ಶುರುವಾಯಿತು. ನಿಂತರೆ ಭಯ, ನಿಲ್ಲದಿದ್ದರೆ ಅದಕ್ಕಿಂತ ಭಯ. ಅವನು ಗಡಿಯಾರ ನೋಡಿದ. ನಾನು ಅವನ ಮುಖ ನೋಡಿದೆ. ಅವನು ಎದ್ದು ಹೋಗುತ್ತಾನೆ, ಇನ್ನು ಕರೆದರೂ ಬರುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಅವಳು ಕಣ್ಣು ಮುಚ್ಚಿಕೊಂಡೇ, "ಬಂತು. ಕೇಳ್ರಿ" ಎಂದಳು.

ನನಗೆ ಏನೂ ಕೇಳಲಿಲ್ಲ. ಮೆಕ್ಯಾನಿಕ್ ಎದ್ದು ಪೆಟ್ಟಿಗೆಯ ಹತ್ತಿರ ಕಿವಿಯಿಟ್ಟ. ಅವನ ಹುಬ್ಬು ಗಂಟಾಯಿತು. ಸ್ವಲ್ಪ ಹೊತ್ತಿನಲ್ಲಿ ನನಗೂ ಕೇಳಿತು. ಗಾಳಿಯ ಸದ್ದಿನ ಅಡಿಯಲ್ಲಿ ಒಂದು ಗೊರಗೊರ. ಗಾಳಿ ತೆಳುವಾಯಿತು. ನಿಂತಿತು.

"ನಿಂತ್ತು!" ಎಂದು ನಾವು ನಾಲ್ಕೂ ಜನ ಒಟ್ಟಿಗೇ ಕೂಗಿದೆವು. ಅಕ್ಕ ಕೈ ಮುಗಿದಳು. ನನ್ನ ಹೆಂಡತಿ ನಗುತ್ತಿದ್ದಳು. ಅವಳನ್ನು ಕೊಲ್ಲಲು ಬಂದದ್ದು ಕೊನೆಗೂ ಎಲ್ಲರ ಕಣ್ಣಿಗೆ ಬಿತ್ತಲ್ಲ ಎಂದು ಅಷ್ಟು ಸಂತೋಷಪಟ್ಟ ಆ ಗಳಿಗೆಯನ್ನು ನೆನೆದರೆ ಈಗಲೂ ನನಗೆ ಒಂಥರಾ ಆಗುತ್ತದೆ.

ಮೆಕ್ಯಾನಿಕ್ ಸ್ವಿಚ್ ತೆಗೆದು ಮುಚ್ಚಳ ಬಿಚ್ಚಿದ. ಮೋಟ್ರಿಗೆ ಬೆರಳು ತಾಗಿಸಿ ತಟ್ಟನೆ ಹಿಂದಕ್ಕೆ ಎಳೆದುಕೊಂಡ. ಬ್ಲೋವರಿನ ಉರುಳೆಯನ್ನು ಕೈಯಿಂದ ತಿರುಗಿಸಿದ. ತಿರುಗಲಿಲ್ಲ, ಬಿಗಿಯಾಗಿತ್ತು. ಎಡಗಡೆಯ ತುದಿಯಲ್ಲಿ ಉರುಳೆ ಕೂರುವ ಒಂದು ರಬ್ಬರಿನ ಬುಷ್ ಇತ್ತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಅದು ಒಣಗಿ ಸವೆದು ಒಂದು ಕಡೆಗೆ ಜಾರಿತ್ತು.

"ನೋಡಣ್ಣಾ. ಇದು ಸವೆದು ಉರುಳೆ ವಾಲಿಬಿಟ್ಟೈತೆ. ತಣ್ಣಗಿದ್ದಾಗ ಹೆಂಗೋ ತಿರುಗ್ತೈತೆ. ಓಡ್ತಾ ಓಡ್ತಾ ಬಿಸಿಯಾದ್ರೆ ಹಿಡ್ಕೊಳ್ತೈತೆ. ಮೋಟ್ರು ಎಳೆದು ಎಳೆದು ಕಾಯ್ತೈತೆ. ಕಾದ್ರೆ ಅದರೊಳಗಿನ ಕಟಾಫ್ ಸ್ವಿಚ್ಚು ತಾನೇ ಆಫ್ ಮಾಡ್ತೈತೆ. ಆರಿದ್ ಮೇಲೆ ಮತ್ತೆ ಶುರು." ಅವನು ಹಾಸಿಗೆಯ ಕಡೆ ತಿರುಗಿದ. "ಅಕ್ಕಾ, ನಾನು ಬೆಳಿಗ್ಗೆ ಬಂದು ಮೋಟ್ರು ಮಾತ್ರ ಬದಲ್ಸಿ ಹೋಗಿದ್ರೆ ಅದೂ ಸುಟ್ಟೋಗ್ತಿತ್ತು."

ಹಳೆಯ ಮೋಟ್ರೂ ಎಷ್ಟೋ ಸಲ ಕಾದು ಕಾದು ಹಾಳಾಗಿತ್ತು. ಎರಡನ್ನೂ ಬದಲಿಸಬೇಕು, ಆ ಮಾಡೆಲಿನದು ಇಲ್ಲೆಲ್ಲೂ ಸಿಗುವುದಿಲ್ಲ, ಹುಬ್ಬಳ್ಳಿಯಿಂದ ತರಿಸಬೇಕು ಎಂದ. ಅಲ್ಲಿಯವರೆಗೆಂದು ಬುಷ್‌ಗೆ ಎಣ್ಣೆ ಹಚ್ಚಿ ಕೂರಿಸಿದ. ಸ್ವಲ್ಪ ಓಡಿಸಿ ಸ್ವಲ್ಪ ಬಿಡುವು ಕೊಡಿ ಎಂದು ಹೇಳಿ ಹೋದ.

ಕಾಯಿಲೆ ಗೊತ್ತಾದ ಮೇಲೆ ಭಯ ಹೋಗಬೇಕಿತ್ತು. ಆ ಕಾಯುವ ದಿನಗಳೇ ಎಲ್ಲಕ್ಕಿಂತ ಕೆಟ್ಟವು. ಮಧ್ಯಾಹ್ನ ಬ್ಲೋವರಿಗೆ ಬಿಡುವು ಕೊಟ್ಟಾಗಲೆಲ್ಲ ಒದ್ದೆ ಬಟ್ಟೆ ಹಾಸಬೇಕು. ಆದರೆ ಬೆನ್ನಿನ ಕೆಳಗೆ ಒಂದು ಹನಿ ನೀರು ಹೋಗಬಾರದು. ಸೊಂಟದ ಹಿಂದೆ ಚರ್ಮ ಆಗಲೇ ಕೆಂಪಗಾಗಿತ್ತು, ಆಸ್ಪತ್ರೆಯಲ್ಲಿ ಮಲಗಿದ ಗುರುತು. ಅದು ಹುಣ್ಣಾದರೆ ತಿಂಗಳುಗಟ್ಟಲೆ ಮಾಯುವುದಿಲ್ಲ. ಎದೆ, ತೋಳು, ಪಾದಕ್ಕೆ ಒದ್ದೆ, ಬೆನ್ನಿಗೆ ಒಣಗಿದ್ದು. ಅವಳನ್ನು ಮಗ್ಗುಲಾಗಿಸಿ, ಒರೆಸಿ, ಮತ್ತೆ ಮಲಗಿಸಿ, ನನ್ನ ಮತ್ತು ಅಕ್ಕನ ಸೊಂಟ ಬಿದ್ದುಹೋಯಿತು. ಅವಳಿಗೆ ಅಲ್ಲಿ ಏನೂ ತಿಳಿಯುವುದಿಲ್ಲ. ಆದ್ದರಿಂದ ನಾವು ಫೋನಿನಲ್ಲಿ ಫೋಟೋ ತೆಗೆದು ತೋರಿಸಬೇಕು, ಅವಳು ತನ್ನದೇ ಬೆನ್ನನ್ನು ಬೇರೆ ಯಾರದೋ ಎಂಬಂತೆ ನೋಡಿ, "ನಿನ್ನೆಗಿಂತ ಕಮ್ಮಿ ಐತೆ" ಅಥವಾ "ಇವತ್ತು ಎಡಕ್ಕೆ ಮಲಗಿಸ್ರಿ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಹಾಗೆ ಒದ್ದೆ ಬಟ್ಟೆ ಬದಲಿಸುವಾಗ ಅವಳು ಸೂರು ನೋಡುತ್ತ ಹೇಳಿದಳು: "ಇಷ್ಟು ದಿನ ನೀವು ನೋಡ್ಕೊಳ್ತಿದೀರಿ, ನಾನು ಬದುಕಿದೀನಿ ಅಂದ್ಕೊಂಡಿದ್ದೆ. ಹೆಬ್ಬೆಟ್ಟಿನಷ್ಟು ರಬ್ಬರಿನ ಮ್ಯಾಲೆ ಬದುಕಿದ್ದೆ ಅಂತ ಗೊತ್ತಿರಲಿಲ್ಲ."

"ಹಂಗೆಲ್ಲಾ ಅನ್ಬ್ಯಾಡ."

"ನಿಜಾನೇ ಅಲ್ವಾ?"

ನಿಜವಾಗಿತ್ತು. ನಾನು ಬಟ್ಟೆ ಹಿಂಡಿದೆ. ಬಾಗಿಲ ಹತ್ತಿರ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕೊನೆಗೆ ಮೋಟ್ರೂ ಬುಷ್ಷೂ ಬಂದವು. ನ್ಯಾಮತಿಯವನು ಬಂದು ಜೋಡಿಸಿ, ಯಾರೂ ಹೇಳದೆಯೇ ಆ ದಿನವೆಲ್ಲ ಕೂತ. ಮಗಳಿಗೆ ಇಂಜೆಕ್ಷನ್ ಹಾಕಿಸಿದ್ದಾಯಿತು, ತೋಳು ಊದಿಕೊಂಡಿತ್ತು, ಹೆದರಲಿಲ್ಲ ಎಂದು ನನ್ನ ಹೆಂಡತಿಗೆ ವರದಿ ಒಪ್ಪಿಸಿದ. ಬ್ಲೋವರ್ ಸಂಜೆಯವರೆಗೆ ಒಂದೇ ದನಿಯಲ್ಲಿ ಓಡಿತು. ಅವಳ ಮೊಣಕೈಗೆ ಸಿಗುವ ಹಾಗೆ ಮಂಚದ ಅಂಚಿಗೆ ಒಂದು ಕಾಲಿಂಗ್ ಬೆಲ್ಲಿನ ಸ್ವಿಚ್ಚನ್ನೂ ಅವನೇ ಕೂರಿಸಿಕೊಟ್ಟ. ಬೆಲ್ಲು ಅಡಿಗೆಮನೆಯಲ್ಲೂ ಮುಂದಿನ ಕೋಣೆಯಲ್ಲೂ ಕೇಳುತ್ತದೆ. ಅಕ್ಕ ಅದನ್ನು ಮತ್ತೆ ಮತ್ತೆ ಒತ್ತಿಸಿ, ಅಡಿಗೆಮನೆಯ ಬಾಗಿಲು ಹಾಕಿಕೊಂಡು ಕೇಳಿ ನೋಡಿ, ಆಮೇಲೆಯೇ ಜಗಳೂರಿನ ಬಸ್ಸು ಹತ್ತಿದಳು.

ಅಲ್ಲಿಗೆ ಏಸಿಯ ಕತೆ ಮುಗಿಯಿತು. ನನ್ನದು ಮುಗಿಯಲಿಲ್ಲ. ಮೆಷಿನ್ ತುಳಿಯುತ್ತ ಕೂತವನು ಒಂದು ಗೆರೆ ಹೊಲಿಯುವುದರೊಳಗೆ ಕಾಲು ತಡೆದು ಒಳಗಿನ ಸದ್ದಿಗೆ ಕಿವಿ ಕೊಡುತ್ತಿದ್ದೆ. ಓಡುತ್ತಿದೆ. ಮತ್ತೆ ತುಳಿಯುವುದು, ಮತ್ತೆ ನಿಲ್ಲಿಸುವುದು. ನಾನು ಹಾಗೆ ಮಾಡುತ್ತಿದ್ದೇನೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಒಂದು ದಿನ ಬೆಲ್ಲು ಹೊಡೆಯಿತು. ಮೆಷಿನ್ ಬಿಟ್ಟು ಒಳಗೆ ಓಡಿದೆ. ಅವಳು ಆರಾಮಾಗಿಯೇ ಇದ್ದಳು. ಬ್ಲೋವರ್ ಓಡುತ್ತಿತ್ತು.

"ನಿಮ್ಮ ಮೆಷಿನ್‌ಗೆ ಏನಾಗೈತೆ? ಯಾಕೆ ಪದೇ ಪದೇ ನಿಲ್ತೈತೆ?" ಎಂದಳು.

ಏನೂ ಆಗಿಲ್ಲ ಎಂದೆ.

"ಬೆಳಗಿಂದ ಕೇಳ್ತಾನೇ ಇದೀನಿ. ನಿಲ್ತೈತೆ, ಓಡ್ತೈತೆ, ನಿಲ್ತೈತೆ. ನಂಗೆ ತಲೆ ಕೆಡ್ತೈತೆ ರೀ." ಉಸಿರು ಎಳೆದುಕೊಂಡು, "ಬೆಳಿಗ್ಗೆ ಹೊತ್ತಾದ್ರೂ ಅಂಗಡಿ ತೆಗೀರಿ" ಎಂದಳು.

ಅದರ ಮೇಲೆ ನಮ್ಮಿಬ್ಬರಿಗೂ ಜಗಳವಾಯಿತು. ಮದುವೆಯಾದ ಮೇಲೆ ಅಷ್ಟು ದೊಡ್ಡ ಜಗಳ ಆಡಿದ್ದಿಲ್ಲ. ನನಗೆ ಹುಚ್ಚೇ ನಿನ್ನನ್ನು ಬಿಟ್ಟು ಹೋಗಲು ಎಂದು ನಾನು. ದಿನವಿಡೀ ನಿಮ್ಮ ಭಯವನ್ನು ಕೇಳುತ್ತ ಮಲಗಲು ನನಗಾಗದು ಎಂದು ಅವಳು. ಅವಳ ಪಿಸುದನಿಯ ಎದುರು ನಾನು ಕೂಗಾಡುತ್ತಿದ್ದೆ. ಆದರೂ ಅವಳು ಹೇಳಿದ್ದೇ ನಡೆಯಿತು. ಪಕ್ಕದ ಮನೆಯಾಕೆ ಬೆಳಗಿನ ಹೊತ್ತು ತನ್ನ ತರಕಾರಿ, ಸೊಪ್ಪು ತಂದುಕೊಂಡು ಇವಳ ಕೋಣೆಯಲ್ಲೇ ಕೂತು ಬಿಡಿಸುತ್ತೇನೆ ಎಂದರು. ತಂಪಿಗೆ ತಮಗೂ ಹಿತ ಎಂದು ನಕ್ಕರು.

ಅಂಗಡಿಯ ಷಟರ್ ತುಕ್ಕು ಹಿಡಿದು ಮೇಲೇಳಲಿಲ್ಲ. ಪಕ್ಕದ ಹೋಟೆಲಿನವರು ಬಂದು ಕೈಕೊಟ್ಟರು. ಒಳಗೆ ಧೂಳು ಹೊಡೆದು, ಕಟಿಂಗ್ ಟೇಬಲ್ ಒರೆಸಿ, ಒಬ್ಬರು ಕೊಟ್ಟಿದ್ದ ಶರ್ಟಿನ ಬಟ್ಟೆ ಹರವಿದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕತ್ತರಿ ಹಿಡಿದು ನಿಂತರೆ ಕೈ ಮುಂದೆ ಹೋಗಲಿಲ್ಲ. ಹೊರಗೆ ದಾವಣಗೆರೆ, ಶಿವಮೊಗ್ಗ ಎಂದು ಕ್ಲೀನರುಗಳು ಕೂಗುತ್ತಿದ್ದರು. ಫೋನು ತೆಗೆದು ಮನೆಗೆ ಮಾಡಿದೆ. ಗೆಣ್ಣಿನಿಂದ ಒತ್ತಿ ಎತ್ತಲು ಅವಳಿಗೆ ಹೊತ್ತು ಹಿಡಿಯುತ್ತದೆ. ರಿಂಗಾಗುತ್ತಲೇ ಇತ್ತು.

"ಓಡ್ತೈತೆ. ಇಡ್ರಿ ಫೋನು" ಎಂದಳು.

ಇಟ್ಟೆ. ಶರ್ಟು ಕತ್ತರಿಸಿದೆ. ಕಾಲರು ಸರಿ ಬರಲಿಲ್ಲ. ಬಿಚ್ಚಿ ಇನ್ನೊಮ್ಮೆ ಹೊಲಿಯಲು ಕೂತೆ.